ಮೂವತ್ತು ದಿನದ ಟ್ರಯಲ್: ಹೊಸದಾಗಿ ಕಲಿಯುವವರಿಗೆ ಸಾಕೇ?

ಒಡೆಯರಪಾಳ್ಯದ ಸುತ್ತಿನ ಒಂದು ಪ್ರೌಢಶಾಲೆಯಲ್ಲಿ ನನ್ನ ಅಭ್ಯಾಸ ಬೋಧನೆ ನಡೆಯುತ್ತಿದ್ದಾಗ, ಒಂಬತ್ತನೇ ತರಗತಿಯ ಮಕ್ಕಳಿಗೆ ಪ್ರೋಗ್ರಾಮಿಂಗ್ ಪರಿಚಯಿಸುವ ಒಂದು ಚಿಕ್ಕ ಘಟಕವನ್ನು ತೆಗೆದುಕೊಂಡೆ. ಅದಕ್ಕಾಗಿ ಒಂದು ಖಾಸಗಿ ಕಂಪನಿಯ ತಂತ್ರಾಂಶವನ್ನು ಲ್ಯಾಬಿನ ಕಂಪ್ಯೂಟರ್‌ಗಳಿಗೆ ಹಾಕಿದೆ. ಮೂವತ್ತು ದಿನ ಉಚಿತ, ಆಮೇಲೆ ಹಣ ಕಟ್ಟಬೇಕು. ಬಣ್ಣಬಣ್ಣದ ತುಂಡುಗಳನ್ನು ಎಳೆದು ಜೋಡಿಸಿದರೆ ಪಕ್ಕದಲ್ಲಿ ಪೈಥಾನ್ ಸಾಲುಗಳು ತಾವಾಗಿ ಮೂಡುತ್ತಿದ್ದವು. ಮಕ್ಕಳಿಗೆ ಖುಷಿಯಾಗಿತ್ತು, ನನಗೂ ಆಗಿತ್ತು.

ಮೂವತ್ತೊಂದನೇ ದಿನ ಸೋಮವಾರ. ಲ್ಯಾಬಿನ ಏಳು ಪರದೆಗಳ ಮೇಲೂ ಒಂದೇ ಇಂಗ್ಲಿಷ್ ವಾಕ್ಯ ನಿಂತಿತ್ತು: ನಿಮ್ಮ ಟ್ರಯಲ್ ಮುಗಿದಿದೆ, ಮುಂದುವರಿಯಲು ಕೊಂಡುಕೊಳ್ಳಿ. ಮಕ್ಕಳು ಉಳಿಸಿಟ್ಟಿದ್ದ ಕೆಲಸ ಆ ತಂತ್ರಾಂಶದ್ದೇ ಫೈಲ್ ರೂಪದಲ್ಲಿತ್ತು. ಅದು ಬೇರೆ ಯಾವುದರಲ್ಲೂ ತೆರೆಯಲಿಲ್ಲ. ಒಬ್ಬ ಹುಡುಗಿ ಅಂದು ಮನೆಯಿಂದ ಹಾಲಿನ ಡೈರಿಯ ಪಾಸ್‌ಬುಕ್ ತಂದಿದ್ದಳು. ಅವಳ ಗುಂಪು ಹದಿನೈದು ದಿನದ ಹಾಲಿನ ಲೆಕ್ಕ ಹಾಕುವ ಪ್ರೋಗ್ರಾಂ ಬರೆದಿತ್ತು. ಬರುವ ಉತ್ತರ ಪಾಸ್‌ಬುಕ್ಕಿನ ಮೊತ್ತಕ್ಕೆ ಸರಿಹೊಂದುತ್ತದೆಯೇ ಎಂದು ನೋಡುವುದು ಅಂದಿನ ಕೆಲಸವಾಗಿತ್ತು. ಪರದೆಯನ್ನು ನೋಡಿ ಅವಳು ಕೇಳಿದಳು: "ಸಾ, ನಾವೇನಾರ ತಪ್ಪ್ ಮಾಡ್ಬುಟ್ವಾ?"

ತಪ್ಪು ಅವರದಲ್ಲ. ಟ್ರಯಲ್ ಮುಗಿಯುವ ದಿನ ಗೊತ್ತಿದ್ದೂ ಲೆಕ್ಕ ಹಾಕದೆ ಪಾಠ ಯೋಜನೆ ಮಾಡಿದವನು ನಾನು. ಅದನ್ನು ಮೊದಲೇ ಒಪ್ಪಿಕೊಂಡು ಈ ಲೇಖನ ಬರೆಯುತ್ತಿದ್ದೇನೆ. ಆದರೆ ನನ್ನ ಎಡವಟ್ಟಿನ ಆಚೆಗೂ ಇಲ್ಲಿ ಒಂದು ಪ್ರಶ್ನೆ ಇದೆ. ತಂತ್ರಾಂಶ ಕಂಪನಿಗಳು ಕೊಡುವ ಟ್ರಯಲ್ ಅವಧಿ, ಪ್ರೋಗ್ರಾಮಿಂಗ್‌ಗೆ ಹೊಸಬರಾದವರು ಒಂದು ಸಾಧನವನ್ನು ಪರೀಕ್ಷಿಸಿ ನೋಡಲು ನಿಜಕ್ಕೂ ಸಾಕಾಗುತ್ತದೆಯೇ? ಸಾಕಾಗುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ದಿನಗಳನ್ನು ಹೆಚ್ಚಿಸಿದ ಮಾತ್ರಕ್ಕೆ ಅದು ಸರಿಹೋಗುವುದೂ ಇಲ್ಲ.

ದಿನದ ಲೆಕ್ಕ, ಪೀರಿಯಡ್‌ನ ಲೆಕ್ಕ

ಟ್ರಯಲ್ ಅವಧಿಗೆ ಒಂದೇ ಅಳತೆ ಎಂಬುದಿಲ್ಲ. ಫೋಟೋಶಾಪ್‌ಗೆ 7 ದಿನ, ಜೆಟ್‌ಬ್ರೇನ್ಸ್ ಕಂಪನಿಯ ಪ್ರೋಗ್ರಾಮಿಂಗ್ ತಂತ್ರಾಂಶಗಳಿಗೆ 30 ದಿನ, ವಿನ್‌ರಾರ್‌ಗೆ 40 ದಿನ. ಮೂರರಲ್ಲೂ ಲೆಕ್ಕ ಕ್ಯಾಲೆಂಡರಿನದು. ತಂತ್ರಾಂಶ ತೆರೆದರೂ ದಿನ ಕಳೆಯುತ್ತದೆ, ತೆರೆಯದಿದ್ದರೂ ಕಳೆಯುತ್ತದೆ.

ಶಾಲೆಯಲ್ಲಿ ನಮ್ಮ ಲೆಕ್ಕ ಪೀರಿಯಡ್‌ನದು. ನನ್ನ ತರಗತಿಯ ಲೆಕ್ಕವನ್ನೇ ಇಲ್ಲಿ ಇಡುತ್ತೇನೆ. ಶನಿವಾರ ಮಧ್ಯಾಹ್ನ ಎಲ್ಲ ಕಂಪ್ಯೂಟರ್‌ಗಳಿಗೂ ತಂತ್ರಾಂಶ ಹಾಕಿದೆ. ಅಂದಿನಿಂದಲೇ ಗಡಿಯಾರ ಓಡತೊಡಗಿತು. ಲ್ಯಾಬ್ ಪೀರಿಯಡ್ ವಾರಕ್ಕೆ ಎರಡು, ಸೋಮವಾರ ಮತ್ತು ಗುರುವಾರ. ಮೂವತ್ತು ದಿನದಲ್ಲಿ ಎಂಟು ಪೀರಿಯಡ್ ಸಿಗಬೇಕಿತ್ತು. ಒಂದು ಸೋಮವಾರ ಸರ್ಕಾರಿ ರಜೆ ಬಂತು. ಒಂದು ಗುರುವಾರ ಕರೆಂಟ್ ಇರಲಿಲ್ಲ. ಇನ್ನೊಂದು ಸೋಮವಾರ ಮಕ್ಕಳು ಕ್ರೀಡಾಕೂಟಕ್ಕೆ ಹೋದರು. ಉಳಿದದ್ದು ಐದು ಪೀರಿಯಡ್.

ಪೀರಿಯಡ್ ಒಂದಕ್ಕೆ 40 ನಿಮಿಷ, ಐದಕ್ಕೆ 200 ನಿಮಿಷ. ಹಳೆಯ ಕಂಪ್ಯೂಟರ್‌ಗಳು ಎದ್ದು ನಿಂತು, ಮಕ್ಕಳು ಜಾಗ ಹಿಡಿದು ಕೂರುವಷ್ಟರಲ್ಲಿ ಪ್ರತಿ ಪೀರಿಯಡ್‌ನಲ್ಲಿ ಹತ್ತು ನಿಮಿಷ ಹೋಗುತ್ತಿತ್ತು. ಅದನ್ನು ಕಳೆದರೆ 150 ನಿಮಿಷ. ತರಗತಿಯಲ್ಲಿ 42 ಮಕ್ಕಳು, ಕೆಲಸ ಮಾಡುವ ಕಂಪ್ಯೂಟರ್ ಏಳು, ಅಂದರೆ ಒಂದರ ಮುಂದೆ ಆರು ಮಕ್ಕಳು. ಎಲ್ಲರಿಗೂ ಸಮನಾಗಿ ಕೀಲಿಮಣೆ ಸಿಕ್ಕಿದೆ ಎಂದುಕೊಂಡರೂ ಒಂದು ಮಗುವಿನ ಪಾಲಿಗೆ ಬಂದದ್ದು 25 ನಿಮಿಷ.

ಅದೇ ಟ್ರಯಲ್ ಅನ್ನು ಬೆಂಗಳೂರಿನ ಒಂದು ಕಚೇರಿಯಲ್ಲಿ ಎಂಜಿನಿಯರ್ ಒಬ್ಬರು ತೆಗೆದುಕೊಂಡರು ಎನ್ನಿ. ಇಪ್ಪತ್ತು ಕೆಲಸದ ದಿನ, ದಿನಕ್ಕೆ ಆರು ಗಂಟೆ ಎಂದರೂ 120 ಗಂಟೆ, ಅಂದರೆ 7,200 ನಿಮಿಷ. ನನ್ನ ವಿದ್ಯಾರ್ಥಿನಿಗೆ ಸಿಕ್ಕಿದ್ದಕ್ಕಿಂತ ಹೆಚ್ಚು ಕಡಿಮೆ 290 ಪಟ್ಟು. ಎಂಜಿನಿಯರ್‌ಗೆ ಪ್ರೋಗ್ರಾಮಿಂಗ್ ಮೊದಲೇ ಗೊತ್ತು. ಕಲಿಯಬೇಕಾದವಳಿಗೆ 25 ನಿಮಿಷ, ಕಲಿತವರಿಗೆ 120 ಗಂಟೆ. ಎರಡಕ್ಕೂ ಹೆಸರು ಮಾತ್ರ ಒಂದೇ, ಮೂವತ್ತು ದಿನದ ಟ್ರಯಲ್.

ನಮ್ಮ ಭಾಗದ ಪರಿಸ್ಥಿತಿ ಗೊತ್ತಿಲ್ಲದ ಓದುಗರಿಗೆ ಒಂದು ಮಾತು. ಒಡೆಯರಪಾಳ್ಯಕ್ಕೆ ಕೊಳ್ಳೇಗಾಲದಿಂದ ಲೊಕ್ಕನಹಳ್ಳಿ ಮೇಲೆ ಬರಬೇಕು. ಸುತ್ತ ಕಾಡು, ಬೆಟ್ಟ, ನಡುವೆ ರಾಗಿ ಮತ್ತು ಜೋಳದ ಹೊಲಗಳು, ಸೋಲಿಗರ ಪೋಡುಗಳು, ಎಪ್ಪತ್ತರ ದಶಕದಲ್ಲಿ ನೆಲೆಯೂರಿದ ಟಿಬೆಟನ್ ಶಿಬಿರ. ಮಕ್ಕಳಲ್ಲಿ ಹಲವರು ನಡೆದು ಬರುತ್ತಾರೆ, ಉಳಿದವರು ಬಸ್ಸನ್ನು ನಂಬಿದವರು. ಸಂಜೆ ಪೀರಿಯಡ್ ಮುಗಿದ ಮೇಲೆ ಲ್ಯಾಬಿನಲ್ಲಿ ಅರ್ಧ ಗಂಟೆ ಹೆಚ್ಚು ಕೂರಿ ಎಂದು ಹೇಳುವ ಹಾಗಿಲ್ಲ. ಮನೆಯಲ್ಲಿ ಕಂಪ್ಯೂಟರ್ ಇಲ್ಲ. ಇರುವುದು ಅಪ್ಪನ ಫೋನ್, ಅದು ಅಪ್ಪನ ಜೊತೆ ಹೊಲಕ್ಕೆ ಹೋಗಿರುತ್ತದೆ. ಹೀಗಾಗಿ ಶಾಲೆಯಲ್ಲಿ ಕಳೆದುಹೋದ ಪೀರಿಯಡ್‌ಗೆ ಬೇರೆಲ್ಲೂ ಬದಲಿ ಸಿಗುವುದಿಲ್ಲ.

ಮೌಲ್ಯಮಾಪನ ಎಂಬುದು ಎಷ್ಟನೇ ಮೆಟ್ಟಿಲು?

ಇನ್ನು ಸಮಯದ ಪ್ರಶ್ನೆಯನ್ನು ಪಕ್ಕಕ್ಕಿಡೋಣ. ಮಗುವಿಗೆ ಒಂದು ಕಂಪ್ಯೂಟರ್, ದಿನಕ್ಕೆ ಎರಡು ಗಂಟೆ ಸಿಕ್ಕಿತು ಎಂದುಕೊಳ್ಳೋಣ. ಆಗಲಾದರೂ ಅದು ಒಂದು ತಂತ್ರಾಂಶದ ಮೌಲ್ಯಮಾಪನ ಮಾಡಬಲ್ಲದೇ?

ಬೆಂಜಮಿನ್ ಬ್ಲೂಮ್ ಮತ್ತು ಸಂಗಡಿಗರು 1956ರಲ್ಲಿ ಕೊಟ್ಟ ವರ್ಗೀಕರಣವನ್ನು ನಾವೆಲ್ಲ ಪಾಠ ಯೋಜನೆಯ ಮೊದಲ ಪುಟದಲ್ಲಿ ಬರೆಯುತ್ತೇವೆ. ಅದರಲ್ಲಿ ಜ್ಞಾನ, ಗ್ರಹಿಕೆ, ಅನ್ವಯ, ವಿಶ್ಲೇಷಣೆ, ಸಂಶ್ಲೇಷಣೆ ಎಲ್ಲ ದಾಟಿದ ಮೇಲೆ ಕೊನೆಯ ಮೆಟ್ಟಿಲು ಮೌಲ್ಯಮಾಪನ. 2001ರ ಪರಿಷ್ಕೃತ ರೂಪದಲ್ಲಿ ಅದು ಐದನೆಯದಾಯಿತು, ಮೇಲೆ ಸೃಜನೆ ಬಂತು. ಹೇಗೆ ಜೋಡಿಸಿದರೂ ಅದು ಮೇಲಿನ ಮೆಟ್ಟಿಲೇ. ಟ್ರಯಲ್ ಅವಧಿ ಹೊಸಬರನ್ನು ನೇರವಾಗಿ ಅಲ್ಲಿಗೇ ಹತ್ತಿಸುತ್ತದೆ. "ಬಳಸಿ ನೋಡಿ, ನಿಮಗೆ ತಕ್ಕದ್ದೇ ಎಂದು ತೀರ್ಮಾನಿಸಿ" ಎನ್ನುತ್ತದೆ. ಚರಾಕ್ಷರ ಎಂದರೆ ಏನು, ಲೂಪ್ ಏಕೆ ಬೇಕು ಎಂಬುದೇ ಇನ್ನೂ ಸ್ಪಷ್ಟವಾಗದವರು ಯಾವ ಅಳತೆಗೋಲು ಹಿಡಿದು ತೀರ್ಮಾನಿಸಬೇಕು?

ತರಗತಿಯಲ್ಲಿ ಇದು ಕಣ್ಣಿಗೇ ಕಂಡಿತು. ಎರಡನೇ ಪೀರಿಯಡ್‌ನಲ್ಲಿ ಒಂದು ಗುಂಪಿನ ಪ್ರೋಗ್ರಾಂ ಓಡಲಿಲ್ಲ. ಕೊನೆಯ ಆವರಣ ಚಿಹ್ನೆ ಬಿಟ್ಟುಹೋಗಿತ್ತು, ಅಷ್ಟೇ. ಗುಂಪಿನ ಹುಡುಗ "ಈ ಸಾಫ್ಟ್‌ವೇರೇ ಸರಿ ಇಲ್ಲ ಸಾ" ಎಂದ. ಪಕ್ಕದ ಗುಂಪು ನಾನು ಬೋರ್ಡಿನ ಮೇಲೆ ಬರೆದದ್ದನ್ನು ಹಾಗೆಯೇ ನಕಲು ಮಾಡಿತ್ತು, ಅವರದು ಓಡಿತು. ಅವರಿಗೆ ಸಾಫ್ಟ್‌ವೇರ್ ಬಹಳ ಚೆನ್ನಾಗಿತ್ತು. ಎರಡೂ ತೀರ್ಪುಗಳಲ್ಲಿ ತಂತ್ರಾಂಶದ ಬಗ್ಗೆ ಏನೂ ಇಲ್ಲ. ತಪ್ಪು ತನ್ನ ಬರಹದ್ದೋ ಸಾಧನದ್ದೋ ಎಂದು ಬೇರ್ಪಡಿಸುವುದು ಬಂದ ಮೇಲಷ್ಟೇ ಸಾಧನವನ್ನು ಅಳೆಯಲು ಸಾಧ್ಯ. ಅದು ಬರುವುದು ಹತ್ತಾರು ಪ್ರೋಗ್ರಾಂ ಬರೆದು, ಹತ್ತಾರು ಸಲ ಕೆಡಿಸಿ, ಸರಿಪಡಿಸಿದ ಮೇಲೆ.

ಜಾನ್ ಸ್ವೆಲ್ಲರ್ 1988ರಲ್ಲಿ ಮುಂದಿಟ್ಟ ಅರಿವಿನ ಹೊರೆಯ ಸಿದ್ಧಾಂತವೂ ಇಲ್ಲಿ ನೆನಪಾಗುತ್ತದೆ. ಒಂದೇ ಸಲಕ್ಕೆ ಮನಸ್ಸು ಹಿಡಿದಿಟ್ಟುಕೊಳ್ಳುವುದಕ್ಕೆ ಮಿತಿಯಿದೆ. ನಮ್ಮ ಮಕ್ಕಳ ಮೇಲೆ ಮೂರು ಹೊರೆ ಒಟ್ಟಿಗೆ ಬೀಳುತ್ತದೆ: ಪ್ರೋಗ್ರಾಮಿಂಗ್‌ನ ಪರಿಕಲ್ಪನೆ, ತಂತ್ರಾಂಶದ ಗುಂಡಿಗಳು ಮತ್ತು ಮೆನುಗಳು, ಎಲ್ಲದರ ಮೇಲೆ ಇಂಗ್ಲಿಷ್. "ಇಂಡೆಂಟೇಶನ್ ಎರರ್" ಎಂದು ಕೆಂಪಕ್ಷರದಲ್ಲಿ ಬಂದರೆ ಕನ್ನಡ ಮಾಧ್ಯಮದ ಮಗು ಮೊದಲು ಆ ಪದವನ್ನು ಓದಬೇಕು, ಆಮೇಲೆ ಅರ್ಥ ಕೇಳಬೇಕು, ಆಮೇಲೆ ತಪ್ಪು ಹುಡುಕಬೇಕು. ಇದರ ಜೊತೆಗೆ "ಇನ್ನು 9 ದಿನ ಉಳಿದಿದೆ" ಎಂಬ ಪಟ್ಟಿಯೊಂದು ಪರದೆಯ ಮೂಲೆಯಲ್ಲಿ ಕೂತಿರುತ್ತದೆ.

ಪಾಸ್‌ಬುಕ್ ತಂದ ಹುಡುಗಿಯ ಪ್ರಶ್ನೆಯ ಮಹತ್ವ ನನಗೆ ಅರ್ಥವಾದದ್ದು ಇಲ್ಲಿ. ಅನುಭವಿಗಳಿಗೆ ಟ್ರಯಲ್ ಮುಗಿಯುವುದೆಂದರೆ ವ್ಯಾಪಾರದ ಮಾತು. ಹೊಸಬರಿಗೆ ಅದು ತಮ್ಮ ತಪ್ಪಿನ ಹಾಗೆ ಕಾಣುತ್ತದೆ. ಅದುವರೆಗೂ ಪರದೆಯ ಮೇಲೆ ಬಂದ ಪ್ರತಿ ಇಂಗ್ಲಿಷ್ ಸಂದೇಶವೂ ಅವರ ಯಾವುದೋ ತಪ್ಪನ್ನೇ ಹೇಳಿತ್ತು. ಇದೂ ಅಂಥದ್ದೇ ಇರಬೇಕು ಎಂದುಕೊಂಡರೆ ಆಶ್ಚರ್ಯವಿಲ್ಲ. "ಕಂಪ್ಯೂಟರ್ ನಮಗಲ್ಲ" ಎಂಬ ಭಾವನೆ ಮಕ್ಕಳಲ್ಲಿ ಬೇರೂರುವುದು ಇಂಥ ಸಣ್ಣ ಘಟನೆಗಳಿಂದಲೇ.

ಎದುರು ವಾದಗಳು

ಈ ವಿಷಯವನ್ನು ಸಹಪಾಠಿಗಳ ಮುಂದೆ ಇಟ್ಟಾಗ ಬಂದ ಆಕ್ಷೇಪಣೆಗಳಲ್ಲಿ ನ್ಯಾಯ ಇಲ್ಲದಿಲ್ಲ.

ಮೊದಲನೆಯದು, ಗಡುವು ಇದ್ದರೆ ತಾನೇ ಜನ ಕಲಿಯುವುದು ಎಂಬುದು. ಪರೀಕ್ಷೆಯ ಹಿಂದಿನ ದಿನ ಓದಿದ ಅನುಭವ ನಮಗೆಲ್ಲ ಇದೆ, ಹಾಗಾಗಿ ಈ ಮಾತು ಪೂರ್ತಿ ಸುಳ್ಳಲ್ಲ. ಆದರೆ ಗಡುವು ಕೆಲಸ ಮಾಡುವುದು ಸಮಯ ನಮ್ಮ ಕೈಯಲ್ಲಿದ್ದಾಗ. ರಜೆ, ಕರೆಂಟ್, ಬಸ್ಸು ಇವುಗಳ ಕೈಯಲ್ಲಿ ಸಮಯ ಇರುವ ಮಗುವಿಗೆ ಗಡುವಿನಿಂದ ಶ್ರದ್ಧೆ ಬರುವುದಿಲ್ಲ, ಗಾಬರಿ ಬರುತ್ತದೆ.

ಎರಡನೆಯದು, ತಂತ್ರಾಂಶ ಮಾಡುವವರೂ ಬದುಕಬೇಡವೇ ಎಂಬುದು. ಖಂಡಿತ ಬದುಕಬೇಕು. ಅವರ ದುಡಿಮೆಗೆ ಬೆಲೆ ಕೊಡಬೇಕು, ಕದ್ದ ಪ್ರತಿಗಳನ್ನು ಶಾಲೆಗೆ ತರುವುದನ್ನು ನಾನು ಒಪ್ಪುವುದಿಲ್ಲ. ಆದರೆ "ಮೊದಲು ಬಳಸಿ ನೋಡಿ, ಆಮೇಲೆ ಕೊಡಿ" ಎಂಬ ಪದ್ಧತಿ ಆರಂಭವಾದಾಗ ಅದಕ್ಕೆ ಗಡಿಯಾರ ಇರಲಿಲ್ಲ ಎಂಬುದು ಗಮನಾರ್ಹ. 1982ರಲ್ಲಿ ಅಮೆರಿಕದ ಆಂಡ್ರೂ ಫ್ಲೂಗೆಲ್‌ಮನ್ ತಮ್ಮ ಪಿಸಿ-ಟಾಕ್ ಎಂಬ ತಂತ್ರಾಂಶವನ್ನು ಹಂಚಿ, ಇಷ್ಟವಾದರೆ 25 ಡಾಲರ್ ಕಳುಹಿಸಿ ಎಂದು ಕೇಳಿದರು. ಅದೇ ಕಾಲಕ್ಕೆ ಜಿಮ್ ನಾಫ್ ಪಿಸಿ-ಫೈಲ್ ಅನ್ನು ಹಾಗೆಯೇ ಹಂಚಿದರು. ಬಳಸುವವರ ಪ್ರಾಮಾಣಿಕತೆಯ ಮೇಲೆ ನಿಂತ ವ್ಯವಸ್ಥೆ ಅದು. ಇಂದಿಗೂ ಸಬ್ಲೈಮ್ ಟೆಕ್ಸ್ಟ್ ಎಂಬ ಎಡಿಟರ್ ಪರೀಕ್ಷಿಸಿ ನೋಡುವವರಿಗೆ ಕಾಲಮಿತಿ ಹೇರಿಲ್ಲ, ಆಗಾಗ ಕೊಂಡುಕೊಳ್ಳಿ ಎಂದು ನೆನಪಿಸುತ್ತದೆ ಅಷ್ಟೇ. ಬಿಯಾಂಡ್ ಕಂಪೇರ್ ಎಂಬ ಇನ್ನೊಂದು ತಂತ್ರಾಂಶ 30 ದಿನ ಕೊಡುತ್ತದೆ, ಆದರೆ ತೆರೆದು ಬಳಸಿದ ದಿನಗಳನ್ನು ಮಾತ್ರ ಎಣಿಸುತ್ತದೆ. ನನ್ನ ತರಗತಿಗೆ ಈ ಲೆಕ್ಕ ಅನ್ವಯವಾಗಿದ್ದರೆ, ವಾರಕ್ಕೆ ಎರಡು ಪೀರಿಯಡ್‌ನಂತೆ ಅದೇ 30 ದಿನ ಹದಿನೈದು ವಾರ ಬರುತ್ತಿತ್ತು. ರಜೆಯ ದಿನ ಲೆಕ್ಕಕ್ಕೇ ಇಲ್ಲ. ಕಂಪನಿಗೆ ಇದರಿಂದ ಆಗುವ ನಷ್ಟ ಏನು? ವ್ಯಾಪಾರವನ್ನೂ ಉಳಿಸಿ, ನಿಧಾನವಾಗಿ ಕಲಿಯುವವರನ್ನೂ ಗೌರವಿಸುವ ದಾರಿ ಇದೆ ಎಂಬುದಕ್ಕೆ ಇದು ಸಾಕ್ಷಿ.

ಮೂರನೆಯದು, ವಿದ್ಯಾರ್ಥಿಗಳಿಗೆ ಉಚಿತ ಲೈಸೆನ್ಸ್ ಕೊಡುತ್ತಾರಲ್ಲ ಎಂಬುದು. ಹೌದು, ಕೊಡುತ್ತಾರೆ. ಜೆಟ್‌ಬ್ರೇನ್ಸ್ ವಿದ್ಯಾರ್ಥಿಗಳಿಗೂ ಶಿಕ್ಷಕರಿಗೂ ಕೊಡುತ್ತದೆ, ಗಿಟ್‌ಹಬ್ 2014ರಿಂದ ವಿದ್ಯಾರ್ಥಿಗಳಿಗೆಂದೇ ಒಂದು ಕಟ್ಟು ಕೊಡುತ್ತಿದೆ. ಬಿ.ಎಡ್. ಪ್ರಶಿಕ್ಷಣಾರ್ಥಿಗಳಾದ ನಾವು ಅವುಗಳನ್ನು ಬಳಸಿಕೊಳ್ಳಬೇಕು. ಆದರೆ ಅಲ್ಲಿ ಸಂಸ್ಥೆಯ ಇ-ಮೇಲ್ ಅಥವಾ ದಾಖಲಾತಿಯ ಪುರಾವೆ ಕೇಳುತ್ತಾರೆ. ಸರ್ಕಾರಿ ಪ್ರೌಢಶಾಲೆಯ 42 ಮಕ್ಕಳಿಗೆ ಇ-ಮೇಲ್ ವಿಳಾಸವೇ ಇಲ್ಲ. ಕೆಲವು ಕಡೆ ಟ್ರಯಲ್ ಶುರು ಮಾಡುವುದಕ್ಕೂ ಬ್ಯಾಂಕ್ ಕಾರ್ಡಿನ ವಿವರ ಬೇಕು. ಆ ಬಾಗಿಲು ನಮ್ಮ ಮಕ್ಕಳ ಮಟ್ಟಿಗೆ ತೆರೆದಿದ್ದೂ ಮುಚ್ಚಿದಂತೆಯೇ.

ನಾಲ್ಕನೆಯದು ನನ್ನ ಮಾರ್ಗದರ್ಶಕರ ಮಾತು. "ಕಾಲಮಿತಿ ಇಲ್ಲದ್ದು ಇಷ್ಟೊಂದು ಇರುವಾಗ ಟ್ರಯಲ್‌ಗೆ ಯಾಕೆ ಹೋದಿರಿ?" ಇದಕ್ಕೆ ನನ್ನ ಬಳಿ ಉತ್ತರ ಇರಲಿಲ್ಲ. ಬಣ್ಣ ಚೆನ್ನಾಗಿತ್ತು, ಅದಕ್ಕೆ ಹೋದೆ.

ಗಡಿಯಾರ ಇಲ್ಲದ ಕಡೆ ಏನಾಗುತ್ತದೆ

ಕನ್ನಡ ಮಕ್ಕಳಿಗೇ ಸಂಬಂಧಿಸಿದ ಒಂದು ಉದಾಹರಣೆ ಗಡಿಯ ಆಚೆ ಇದೆ. ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳು ಕೇರಳ ಸರ್ಕಾರದ ವ್ಯವಸ್ಥೆಗೆ ಸೇರಿವೆ. ಅಲ್ಲಿ 2001ರಲ್ಲಿ ಐಟಿ ಅಟ್ ಸ್ಕೂಲ್ ಯೋಜನೆ ಶುರುವಾಯಿತು, 2017ರಲ್ಲಿ ಅದು ಕೈಟ್ ಎಂಬ ಸಂಸ್ಥೆಯಾಯಿತು. ಶಾಲೆಗಳ ಕಂಪ್ಯೂಟರ್ ಶಿಕ್ಷಣವನ್ನು ಅವರು ಸ್ವತಂತ್ರ ತಂತ್ರಾಂಶಗಳ ಮೇಲೆ ಕಟ್ಟಿದರು. ಐಸಿಟಿ ಪಠ್ಯಪುಸ್ತಕ ಮಲಯಾಳಂ, ಇಂಗ್ಲಿಷ್, ತಮಿಳಿನ ಜೊತೆಗೆ ಕನ್ನಡದಲ್ಲೂ ಇದೆ. ಲ್ಯಾಬಿನಲ್ಲಿ ಕಂಡ ತಂತ್ರಾಂಶವನ್ನೇ ಮನೆಯ ಕಂಪ್ಯೂಟರಿಗೆ ಹಾಕಿಕೊಳ್ಳಲು ಅಲ್ಲಿನ ಮಗು ಯಾರನ್ನೂ ಕೇಳಬೇಕಾಗಿಲ್ಲ, ಹಣ ಕಟ್ಟಬೇಕಾಗಿಲ್ಲ. ಈ ವರ್ಷ ಬರೆದ ಪ್ರೋಗ್ರಾಂ ಮುಂದಿನ ವರ್ಷವೂ ತೆರೆಯುತ್ತದೆ. ಶಿಕ್ಷಕರು ತಮ್ಮ ವೇಗದಲ್ಲಿ ಪಾಠ ಮುಗಿಸಬಹುದು. ಮಳೆಗೆ ರಜೆ ಕೊಟ್ಟರೆ ಪಾಠ ಒಂದು ವಾರ ಮುಂದೆ ಹೋಗುತ್ತದೆ, ಕಳೆದುಹೋಗುವುದಿಲ್ಲ.

ನಮ್ಮಲ್ಲೂ ಇಂಥ ಪ್ರಯತ್ನ ಇಲ್ಲದಿಲ್ಲ. ವಿಷಯ ಶಿಕ್ಷಕರ ವೇದಿಕೆಯ ತರಬೇತಿಗಳಲ್ಲಿ ಉಬುಂಟು, ಜಿಯೋಜೀಬ್ರಾ ಬಳಸಿದ ಗಣಿತ ಮತ್ತು ವಿಜ್ಞಾನ ಶಿಕ್ಷಕರು ನಮ್ಮ ಶಾಲೆಗಳಲ್ಲಿ ಇದ್ದಾರೆ. ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ತಾಣ ಕನ್ನಡದಲ್ಲೇ ಇದೆ. ಇವುಗಳನ್ನು ನಾನು ಅಭ್ಯಾಸ ಬೋಧನೆಗೆ ಹೋಗುವ ಮೊದಲು ನೋಡಿದ್ದರೆ ಈ ಲೇಖನದ ಅಗತ್ಯವೇ ಬರುತ್ತಿರಲಿಲ್ಲ.

ಇನ್ನೊಂದು ಉದಾಹರಣೆ ನಮ್ಮ ಕಣ್ಣ ಮುಂದೆಯೇ ಇದೆ. ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ ತಂತ್ರಾಂಶವನ್ನು ಸರ್ಕಾರ ಉಚಿತವಾಗಿ ಕೊಟ್ಟಿತು. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸವನ್ನು ಆಧರಿಸಿದ ಆ ತಂತ್ರಾಂಶದಲ್ಲಿ ಕಚೇರಿಯ ಗುಮಾಸ್ತರು, ಡಿಟಿಪಿ ಅಂಗಡಿಯ ಹುಡುಗರು, ಶಾಲೆಯ ಮುಖ್ಯಶಿಕ್ಷಕರು ಕನ್ನಡ ಟೈಪಿಂಗ್ ಕಲಿತರು. ಯಾರೂ ಮೂವತ್ತು ದಿನದಲ್ಲಿ ಕಲಿಯಲಿಲ್ಲ. ಕೆಲವರಿಗೆ ಆರು ತಿಂಗಳು ಹಿಡಿಯಿತು, ಕೆಲವರಿಗೆ ಎರಡು ವರ್ಷ. ಒತ್ತಕ್ಷರ ತಪ್ಪಿದರೆ ಮರುದಿನ ಮತ್ತೆ ಕೂತರು. ಮೂವತ್ತೊಂದನೇ ದಿನ ನುಡಿ ಬಾಗಿಲು ಹಾಕಿಕೊಂಡಿದ್ದರೆ ಇವರಲ್ಲಿ ಎಷ್ಟು ಜನ ಮತ್ತೆ ಕೀಲಿಮಣೆ ಮುಟ್ಟುತ್ತಿದ್ದರು ಎಂದು ಯೋಚಿಸಬೇಕು.

ನಮ್ಮ ತರಬೇತಿಯೇ ಕಲಿಸಿದ ಪಾಠ

ಈ ಪತ್ರಿಕೆ ಓದುವ ಎಲ್ಲರಿಗೂ ಗೊತ್ತಿರುವ ಒಂದು ಸಂಗತಿಯನ್ನು ಇಲ್ಲಿ ನೆನಪಿಸುತ್ತೇನೆ. ಮೊದಲು ಬಿ.ಎಡ್. ಒಂದು ವರ್ಷದ್ದಾಗಿತ್ತು. ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತಿನ 2014ರ ನಿಯಮಾವಳಿ ಅದನ್ನು ಎರಡು ವರ್ಷಕ್ಕೆ ಏರಿಸಿತು. ಶಾಲೆಯೊಡನೆ ಒಡನಾಟಕ್ಕೆ ಕನಿಷ್ಠ 20 ವಾರ, ಅದರಲ್ಲಿ ಎರಡನೇ ವರ್ಷದ ಇಂಟರ್ನ್‌ಶಿಪ್ 16 ವಾರ ಎಂದು ನಿಗದಿ ಮಾಡಿತು. ಏಕೆ? ಕೆಲವೇ ಪಾಠ ಮಾಡಿಸಿ ಒಬ್ಬರನ್ನು ಶಿಕ್ಷಕರೆಂದು ಅಳೆಯಲು ಆಗುವುದಿಲ್ಲ ಎಂದು ನಮ್ಮ ಕ್ಷೇತ್ರ ಒಪ್ಪಿಕೊಂಡಿತು. ಮೊದಲ ವಾರ ನನ್ನ ಕೈ ನಡುಗುತ್ತಿತ್ತು, ಕಪ್ಪು ಹಲಗೆಯ ಮೇಲೆ ಸಾಲು ಮೇಲಕ್ಕೆ ಹೋಗುತ್ತಿತ್ತು. ಆ ವಾರದ ವೀಕ್ಷಣೆಯನ್ನೇ ಕೊನೆಯ ತೀರ್ಪಾಗಿ ಬರೆದಿದ್ದರೆ ನಾನು ಈ ವೃತ್ತಿಯಲ್ಲಿ ಇರುತ್ತಿರಲಿಲ್ಲ.

ನಮಗೆ ಸಿಕ್ಕ ಆ ಅವಕಾಶದಲ್ಲಿ ದಿನಗಳ ಸಂಖ್ಯೆಗಿಂತ ಮುಖ್ಯವಾದ ಇನ್ನೊಂದು ಅಂಶವಿದೆ. ಇಂಟರ್ನ್‌ಶಿಪ್‌ನಲ್ಲಿ ರಜೆ ಬಂದರೆ ಪಾಠ ಮುಂದಕ್ಕೆ ಹೋಗುತ್ತದೆ. ಪಾಠ ಕೆಟ್ಟರೆ ಮಾರ್ಗದರ್ಶಕರು ಪಕ್ಕದಲ್ಲಿ ಕೂರಿಸಿಕೊಂಡು ಹೇಳುತ್ತಾರೆ, ಮತ್ತೆ ಮಾಡಿಸುತ್ತಾರೆ. ನಮ್ಮ ಪಾಠಟಿಪ್ಪಣಿಯ ಪುಸ್ತಕವನ್ನು ಕೊನೆಯ ದಿನ ಬೀಗ ಹಾಕಿ ಇಟ್ಟುಕೊಳ್ಳುವುದಿಲ್ಲ. ಹೊಸಬರಿಗೆ ಬೇಕಾದದ್ದು ಈ ಮೂರೇ: ಮಾಡಿದ ದಿನದ ಲೆಕ್ಕ, ಪಕ್ಕದಲ್ಲಿ ಒಬ್ಬರು ಹೇಳಿಕೊಡುವವರು, ಮಾಡಿದ ಕೆಲಸ ತಮ್ಮ ಕೈಯಲ್ಲೇ ಉಳಿಯುವ ಖಾತ್ರಿ. ತಂತ್ರಾಂಶದ ಟ್ರಯಲ್‌ನಲ್ಲಿ ಮೂರೂ ಇಲ್ಲ. ಆದ್ದರಿಂದಲೇ ಮೂವತ್ತನ್ನು ಅರವತ್ತು ಮಾಡಿದರೆ ಸಾಕಾಗುವುದಿಲ್ಲ ಎಂದು ನಾನು ಮೊದಲಿಗೆ ಹೇಳಿದ್ದು.

ನಾವು ಮಾಡಬಹುದಾದದ್ದು

ಕಂಪನಿಗಳು ತಮ್ಮ ನಿಯಮ ಬದಲಿಸಲಿ ಎಂದು ಕಾಯುತ್ತಾ ಕೂರುವುದು ಬೇಡ. ಪ್ರಶಿಕ್ಷಣಾರ್ಥಿಗಳು ಮತ್ತು ಕಾಲೇಜುಗಳು ಈಗಲೇ ಮಾಡಬಹುದಾದ ಕೆಲವು ಕೆಲಸಗಳಿವೆ.

ಮೊದಲನೆಯದಾಗಿ, ಆರಂಭದ ಪಾಠಕ್ಕೆ ಕಾಲಮಿತಿ ಇಲ್ಲದ ಸಾಧನವನ್ನೇ ಆರಿಸಬೇಕು. ಚಿಕ್ಕ ಮಕ್ಕಳಿಗೆ ಎಂಐಟಿ ಮೀಡಿಯಾ ಲ್ಯಾಬ್ 2007ರಲ್ಲಿ ಹೊರತಂದ ಸ್ಕ್ರ್ಯಾಚ್ ಇದೆ, ಇಂಟರ್ನೆಟ್ ಇಲ್ಲದೆಯೂ ನಡೆಯುತ್ತದೆ. ಪೈಥಾನ್ ಹಾಕಿದರೆ ಜೊತೆಗೇ ಐಡಲ್ ಎಂಬ ಸರಳ ಎಡಿಟರ್ ಬರುತ್ತದೆ. ಎಸ್ಟೋನಿಯಾದ ಟಾರ್ಟು ವಿಶ್ವವಿದ್ಯಾಲಯದಲ್ಲಿ ಹೊಸಬರಿಗೆಂದೇ ರೂಪಿಸಿದ ಥಾನಿ ಇದೆ. ಪ್ರೋಗ್ರಾಂ ಒಂದೊಂದೇ ಹೆಜ್ಜೆಯಾಗಿ ಹೇಗೆ ನಡೆಯುತ್ತದೆ ಎಂಬುದನ್ನು ಅದು ತೋರಿಸುತ್ತದೆ, ಹಳೆಯ ಕಂಪ್ಯೂಟರಿನಲ್ಲೂ ಓಡುತ್ತದೆ.

ಎರಡನೆಯದಾಗಿ, ಟ್ರಯಲ್ ಬಳಸಲೇಬೇಕೆಂದರೆ ಪರೀಕ್ಷಿಸುವ ಕೆಲಸ ಶಿಕ್ಷಕರದಾಗಬೇಕು, ಮಕ್ಕಳದಲ್ಲ. ಪಾಠ ಯೋಜನೆ ಪೂರ್ತಿ ಸಿದ್ಧವಾದ ಮೇಲೆ, ರಜೆಯ ದಿನಗಳಲ್ಲಿ, ತಮ್ಮ ಸ್ವಂತ ಕಂಪ್ಯೂಟರಿನಲ್ಲಿ ಶುರು ಮಾಡಬೇಕು. ನಾನು ಮಾಡಿದ ಹಾಗೆ ಶನಿವಾರ ಹಾಕಿ ಸೋಮವಾರಕ್ಕೆ ಪಾಠ ಯೋಚಿಸುವುದಲ್ಲ.

ಮೂರನೆಯದಾಗಿ, ಮೊದಲ ದಿನವೇ ಒಂದು ಪರೀಕ್ಷೆ ಮಾಡಬೇಕು: ಇದರಲ್ಲಿ ಉಳಿಸಿದ ಫೈಲನ್ನು ಬೇರೊಂದು ತಂತ್ರಾಂಶದಲ್ಲಿ ತೆರೆಯಬಹುದೇ? ಸಾದಾ ಪೈಥಾನ್ ಫೈಲ್ ನೋಟ್‌ಪ್ಯಾಡಿನಲ್ಲೂ ತೆರೆಯುತ್ತದೆ. ತೆರೆಯದ ರೂಪದಲ್ಲಿ ಮಕ್ಕಳ ಕೆಲಸವನ್ನು ಇಡುವುದು, ಅವರ ನೋಟ್‌ಬುಕ್ಕನ್ನು ಬೇರೆಯವರ ಬೀರುವಿನಲ್ಲಿ ಇಟ್ಟ ಹಾಗೆ.

ನಾಲ್ಕನೆಯದಾಗಿ, ಪಾಠ ಯೋಜನೆಯಲ್ಲಿ ಬೋಧನೋಪಕರಣದ ಅಂಕಣದ ಕೆಳಗೆ ಒಂದು ಸಾಲು ಹೆಚ್ಚು ಸೇರಿಸಬೇಕು: ಈ ತಂತ್ರಾಂಶಕ್ಕೆ ಕಾಲಮಿತಿ ಇದೆಯೇ, ಆ ಅವಧಿಯಲ್ಲಿ ನನಗೆ ಸಿಗುವ ಪೀರಿಯಡ್ ಎಷ್ಟು, ಒಂದು ಮಗುವಿಗೆ ಬರುವ ನಿಮಿಷ ಎಷ್ಟು? ಐದು ನಿಮಿಷದ ಗುಣಾಕಾರ ಭಾಗಾಕಾರ. ನಾನು ಅದನ್ನು ಮಾಡಿದ್ದರೆ 25 ಎಂಬ ಉತ್ತರ ಮೊದಲ ದಿನವೇ ಕಾಣುತ್ತಿತ್ತು.

ಐದನೆಯದು ಶಿಕ್ಷಕ ಶಿಕ್ಷಣ ನೀಡುವ ಗುರುಗಳಲ್ಲಿ ಒಂದು ಕೋರಿಕೆ. ಬಿ.ಎಡ್. ಪಠ್ಯಕ್ರಮದಲ್ಲಿ ಐಸಿಟಿಯ ವಿಮರ್ಶಾತ್ಮಕ ತಿಳಿವಳಿಕೆ ಎಂಬ ಕೋರ್ಸ್ ಇದೆ. ನಾವು ಅದರಲ್ಲಿ ಸ್ಲೈಡ್ ಮಾಡುವುದನ್ನೂ ಅಂಕಪಟ್ಟಿ ತಯಾರಿಸುವುದನ್ನೂ ಕಲಿಯುತ್ತೇವೆ. ವಿಮರ್ಶಾತ್ಮಕ ಎಂಬ ಪದಕ್ಕೆ ತಕ್ಕಂತೆ, ಒಂದು ತಂತ್ರಾಂಶದ ಷರತ್ತುಗಳನ್ನು ಓದಿ, ಅದು ಯಾವ ಶಾಲೆಗೆ ಹೊಂದುತ್ತದೆ, ಯಾವುದಕ್ಕೆ ಹೊಂದುವುದಿಲ್ಲ ಎಂದು ಬರೆಯುವ ಒಂದು ನಿಯೋಜನೆಯನ್ನು ಅದರಲ್ಲಿ ಸೇರಿಸಿದರೆ ಉಪಕಾರವಾಗುತ್ತದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಮಾಧ್ಯಮಿಕ ಹಂತದಲ್ಲೇ ಕೋಡಿಂಗ್ ಚಟುವಟಿಕೆಗಳು ಬರಬೇಕೆನ್ನುತ್ತದೆ. ಅಂದರೆ ಇಂಥ ಆಯ್ಕೆಗಳನ್ನು ಮಾಡಬೇಕಾದ ಶಿಕ್ಷಕರ ಸಂಖ್ಯೆ ಇನ್ನು ಹೆಚ್ಚುತ್ತಲೇ ಹೋಗುತ್ತದೆ.

ಕೊನೆಗೆ ಆ ಸೋಮವಾರದ ವಿಷಯ. ಆ ಹುಡುಗಿ ಪರದೆಯ ಪಕ್ಕದಲ್ಲಿ ಮೂಡುತ್ತಿದ್ದ ಪೈಥಾನ್ ಸಾಲುಗಳನ್ನು ತನ್ನ ನೋಟ್‌ಬುಕ್ಕಿನಲ್ಲಿ ಪೆನ್ಸಿಲಿನಿಂದ ಬರೆದುಕೊಂಡಿದ್ದಳು. ನಾನು ಹೇಳಿರಲಿಲ್ಲ, ಮನೆಗೆ ಹೋಗಿ ಓದುವುದಕ್ಕೆ ಎಂದು ತಾನೇ ಬರೆದುಕೊಂಡದ್ದು. ಗುರುವಾರದ ಪೀರಿಯಡ್‌ನಲ್ಲಿ ಐಡಲ್ ತೆರೆದು ಅವಳ ಗುಂಪು ಆ ಹನ್ನೆರಡು ಸಾಲನ್ನು ಟೈಪ್ ಮಾಡಿತು. ಎರಡು ಕಡೆ ತಪ್ಪು ಬಂತು, ತಾವೇ ಹುಡುಕಿದರು. ಲೆಕ್ಕ ಬಂದಾಗ ಪಾಸ್‌ಬುಕ್ಕಿಗೂ ಅದಕ್ಕೂ ನಾಲ್ಕು ರೂಪಾಯಿ ವ್ಯತ್ಯಾಸ ಇತ್ತು. ಒಂದು ಸಂಜೆಯ ಹಾಲಿನ ಅಳತೆಯನ್ನು ತಪ್ಪಾಗಿ ಹಾಕಿದ್ದರು. ಅದನ್ನು ತಿದ್ದಿದ ಮೇಲೆ ಸರಿಹೋಯಿತು.

ಅವಳು ಅಂದು ಮತ್ತೆ ಕೇಳಿದಳು: "ಇದೂ ಮುಗ್ದೋಯ್ತದಾ ಸಾ?" ಇಲ್ಲ, ಇದು ಮುಗಿಯುವುದಿಲ್ಲ ಎಂದೆ. ಘಟಕದ ಮೊದಲ ದಿನವೇ ನಾನು ಈ ಮಾತು ಹೇಳುವ ಹಾಗಿರಬೇಕಿತ್ತು. ಮುಂದಿನ ತಂಡದಲ್ಲಿ ಅಭ್ಯಾಸ ಬೋಧನೆಗೆ ಹೋಗುವ ಗೆಳೆಯ ಗೆಳತಿಯರು ಅದನ್ನು ಮೊದಲ ದಿನವೇ ಹೇಳುವಂತಾಗಲಿ.